ತೊಳೆದರೂ ಹೋಗದ ಅನುಮಾನ

ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದ ಮೇಲೆ, "ಹಾಕಿದೆನೋ ಇಲ್ಲವೋ" ಎಂದು ಹಿಂದಿರುಗಿ ಎಳೆದು ನೋಡದ ಹೆಂಗಸು ಯಾರಿದ್ದಾಳೆ? ಒಮ್ಮೆ ನೋಡಿದರೆ ನಮಗೆ ಸಮಾಧಾನ. ಗೀಳುರೋಗ ಇರುವವರಿಗೆ ಆ ಸಮಾಧಾನವೇ ಸಿಕ್ಕುವುದಿಲ್ಲ. ಇಪ್ಪತ್ತು ಸಲ ಎಳೆದರೂ ಅನುಮಾನ ಹಾಗೇ ಉಳಿಯುತ್ತದೆ. ಬೀಗ ಬಿದ್ದಿದೆಯೆಂದು ಸಾಮಾನ್ಯವಾಗಿ ಅವರಿಗೂ ಗೊತ್ತು. ಗೊತ್ತಿದ್ದೂ ಕೈ ಕೇಳುವುದಿಲ್ಲ.

ನಾವು ಇದಕ್ಕೆ ಬೇರೆ ಬೇರೆ ಹೆಸರಿಟ್ಟಿದ್ದೇವೆ. ಗಂಟೆಗಟ್ಟಲೆ ಬಚ್ಚಲಲ್ಲಿರುವ ಸೊಸೆಗೆ ಮಡಿಹುಚ್ಚು, ಗ್ಯಾಸ್ ಆರಿಸಿದೆಯಾ ಎಂದು ಹತ್ತು ಸಲ ಕೇಳುವ ಅತ್ತೆಗೆ ಹಟ, ಒಂದೇ ಸಾಲನ್ನು ಬರೆದು ಅಳಿಸಿ ಕಾಗದ ಹರಿಯುವ ಹುಡುಗಿಗೆ ಸೋಮಾರಿತನ. ಆದರೆ ಮಡಿಯುಟ್ಟವಳಿಗೆ ಸ್ನಾನವಾದ ಮೇಲೆ ನೆಮ್ಮದಿಯಿದೆ. ಈಕೆಗೆ ಎಷ್ಟು ಕೊಡ ಸುರಿದುಕೊಂಡರೂ ಅದಿಲ್ಲ.

ಮೆದುಳನ್ನು ಬಲ್ಲವರು ಇದನ್ನು ಸ್ವಭಾವದ ದೋಷವೆನ್ನುವುದಿಲ್ಲ. ಹಣೆಯ ಹಿಂದೆ, ಕಣ್ಣುಗಳ ಮೇಲ್ಗಡೆ ಇರುವ ಮೆದುಳಿನ ಭಾಗದಿಂದ ಹೊರಟು, ಒಳಗಿನ ಕಾಡೇಟ್, ಥಲಾಮಸ್‌ಗಳನ್ನು ಹಾದು, ಮತ್ತೆ ಅಲ್ಲಿಗೇ ಬರುವ ಒಂದು ಸುತ್ತುದಾರಿಯಿದೆ. ಗೀಳುರೋಗದಲ್ಲಿ ಈ ದಾರಿ ಅತಿಯಾಗಿ ಚುರುಕಾಗಿರುವುದು ಕಂಡುಬಂದಿದೆ. "ಏನೋ ತಪ್ಪಾಗಿದೆ" ಎಂಬ ಎಚ್ಚರಿಕೆಯ ಗಂಟೆ, ಕೆಲಸ ಮುಗಿದರೂ ಬಾರಿಸುತ್ತಲೇ ಇರುತ್ತದೆ.

ಹಾಗಾದರೆ ಎಲ್ಲವನ್ನೂ ಮೆದುಳೇ ಮಾಡಿಸುತ್ತದೆ, ಆಕೆಯ ಕೈಯಲ್ಲಿ ಏನೂ ಇಲ್ಲವೆ? 1992ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಕೆಲವು ರೋಗಿಗಳಿಗೆ ಅವರು ಔಷಧಿ ಕೊಟ್ಟರು. ಕೆಲವರಿಗೆ ಬರೀ ಅಭ್ಯಾಸದ ಚಿಕಿತ್ಸೆ. ಕೊಳೆಯೆನಿಸಿದ್ದನ್ನು ಮುಟ್ಟುವುದು, ತೊಳೆಯದೆ ತಡೆದುಕೊಳ್ಳುವುದು, ತಳಮಳ ತಾನಾಗಿ ಇಳಿಯುವವರೆಗೆ ಕಾಯುವುದು, ಇಂಥದ್ದು ಆ ಅಭ್ಯಾಸ. ಚಿಕಿತ್ಸೆಗೆ ಮೊದಲು ಮತ್ತು ಆಮೇಲೆ ಮೆದುಳಿನ ಚಿತ್ರ ತೆಗೆದು ನೋಡಿದರೆ, ಎರಡೂ ಗುಂಪುಗಳಲ್ಲಿ ಗುಣ ಕಂಡವರ ಬಲಬದಿಯ ಕಾಡೇಟ್‌ನ ಚುರುಕು ಇಳಿದಿತ್ತು.

ಅಂದರೆ ಅನುಮಾನ ಬರುವುದು ಆಕೆಯ ತಪ್ಪಲ್ಲ. ಆಕೆಯ ಪ್ರಯತ್ನ ವ್ಯರ್ಥವೂ ಅಲ್ಲ. ಈ ಎರಡು ಮಾತುಗಳನ್ನು ಒಟ್ಟಿಗೆ ನಂಬುವುದು ನಮಗೆ ಕಷ್ಟ. ತಪ್ಪಿಲ್ಲವೆಂದರೆ ಕೈಬಿಡುತ್ತೇವೆ, ಪ್ರಯತ್ನ ಬೇಕೆಂದರೆ ಬಯ್ಯುತ್ತೇವೆ.

ಮನೆಯವರ ಧರ್ಮವೂ ಇಲ್ಲಿ ಸೂಕ್ಷ್ಮವಾದದ್ದು. "ಬೀಗ ಹಾಕಿದ್ದೇನೆ ತಾನೆ?" ಎಂದು ಹನ್ನೊಂದನೆಯ ಸಲ ಕೇಳಿದವಳನ್ನು ಗದರುವುದು ಕ್ರೌರ್ಯ. "ಹಾಕಿದ್ದೀಯಮ್ಮಾ" ಎಂದು ಪ್ರತಿಸಲವೂ ಹೇಳುವುದು ಕರುಣೆಯಂತೆ ಕಂಡರೂ ಗೀಳಿನ ಬೇರಿಗೆ ನೀರೆರೆದಂತೆ. ಔಷಧಿಯೋ ಅಭ್ಯಾಸವೋ ಎರಡೂ ಬೇಕೋ ಎಂಬುದನ್ನು ವೈದ್ಯರು ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಅವರ ಸಲಹೆಯಂತೆ, ಆಕೆಯನ್ನೂ ಒಪ್ಪಿಸಿಕೊಂಡು, ಉತ್ತರ ಕೊಡುವುದನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಉತ್ತರ ಕೊಡದಿದ್ದರೂ ಪಕ್ಕದಲ್ಲಿ ಕುಳಿತಿರಬಹುದು. ಆ ತಳಮಳದ ಹೊತ್ತು ಕಳೆಯುವವರೆಗೆ ಎದ್ದು ಹೋಗದಿರುವುದೇ ನಿಜವಾದ ಆಸರೆ.