ಪಾತ್ರೆಯ ಧರ್ಮ

ಕ್ಯೋಟೋ ನಗರದ ದೈತೋಕುಜಿ ಎಂಬ ಬೌದ್ಧವಿಹಾರಕ್ಕೆ ಸೇರಿದ ಒಂದು ಚಿಕ್ಕ ಮಂದಿರದಲ್ಲಿ ಕಿಜಾಯೆಮೋನ್ ಎಂಬ ಹೆಸರುಳ್ಳ ಬಟ್ಟಲೊಂದಿದೆ. ಸುಮಾರು ಹದಿನಾರನೆಯ ಶತಮಾನದಲ್ಲಿ ಕೊರಿಯಾ ದೇಶದ ಯಾವನೋ ಕುಂಬಾರನು ತಿಗರಿಯ ಮೇಲೆ ತಿರುಗಿಸಿ ಮಾಡಿದ ಬಟ್ಟಲು ಅದು. ಮಾಡಿದವನ ಹೆಸರು ಯಾರಿಗೂ ತಿಳಿಯದು. ಜಪಾನಿನ ಚಹಾರಸಿಕರ ಕೈಗೆ ಬಂದ ಮೇಲೆ ಅದರ ಭಾಗ್ಯವು ತೆರೆಯಿತು. ಈಗ ಅದು ರಾಷ್ಟ್ರನಿಧಿಯೆಂದು ಘೋಷಿತವಾಗಿ, ಪೆಟ್ಟಿಗೆಯೊಳಗಣ ಪೆಟ್ಟಿಗೆಯಲ್ಲಿ ವಿಶ್ರಮಿಸುತ್ತಿದೆ. 1931ರಲ್ಲಿ ಅದನ್ನು ನೋಡುವ ಅವಕಾಶವನ್ನು ಪಡೆದ ಯಾನಗಿ ಸೋಯೆತ್ಸು ಎಂಬ ವಿಚಾರವಂತನಿಗೆ, ಅದು ಬಡವನೊಬ್ಬನು ದಿನವೂ ಅನ್ನವನ್ನುಣ್ಣುವಂಥ ಸಾಮಾನ್ಯ ಬಟ್ಟಲಾಗಿ ಕಂಡಿತು. ಆ ಸಾಮಾನ್ಯತೆಯೇ ಅದರ ಚೆಲುವೆಂದು ಆತನು ಬರೆದನು. ಅನ್ನವನ್ನು ಹಿಡಿಯಲು ಹುಟ್ಟಿದ ಪಾತ್ರೆಯು ಅನ್ನವನ್ನು ಕಾಣದೆ ಶತಮಾನಗಳನ್ನು ಕಳೆದಿದೆ. ಇದು ಅದಕ್ಕೆ ಸಂದ ಗೌರವವೋ, ಸೆರೆವಾಸವೋ?

ಪ್ರಶ್ನೆಯು ಹಳೆಯದೇ. ಆದರೆ ಈಚಿನ ಮೂರು ದಶಕಗಳಲ್ಲಿ ಜಪಾನಿನಲ್ಲಿ ತಲೆಯೆತ್ತಿರುವ ಒಂದು ಬಗೆಯ ವಸತಿಗೃಹಗಳು ಅದನ್ನು ಹೊಸದಾಗಿ ಮುಂದಿಟ್ಟಿವೆ. ಇವು ಬಹುಮಟ್ಟಿಗೆ ಚಿಕ್ಕವು. ಹಳೆಯ ಮರದ ಮನೆಯನ್ನು ದುರಸ್ತುಮಾಡಿ, ನೆಲಕ್ಕೆ ತತಾಮಿ ಚಾಪೆಯನ್ನು ಹಾಸಿ, ಕಿಟಕಿಗೆ ಕೈಯಿಂದ ಮಾಡಿದ ಕಾಗದವನ್ನು ಅಂಟಿಸಿ, ಅದರ ನಡುವೆ ಈ ಕಾಲದ ಚಿತ್ರಗಾರನ ಅಥವಾ ಶಿಲ್ಪಿಯ ಕೃತಿಯೊಂದನ್ನು ನಿಲ್ಲಿಸುವರು. ನವೋಷಿಮಾ ದ್ವೀಪದಲ್ಲಿ ಅಂದೋ ತದಾವೋ ಎಂಬ ಶಿಲ್ಪಜ್ಞನು ಯೋಜಿಸಿದ, 1992ರಲ್ಲಿ ತೆರೆದ ಬೆನೆಸ್ಸೆ ಭವನದಲ್ಲಿ ಕಲಾಶಾಲೆಯೂ ಬಿಡಾರವೂ ಒಂದೇ ಆಗಿವೆ. ಟೋಕಿಯೋದ ಪಾರ್ಕ್ ಹೋಟೆಲಿನಲ್ಲಿ 2012ರಿಂದ 2016ರವರೆಗೆ ಒಬ್ಬೊಬ್ಬ ಕಲಾವಿದರು ಒಂದೊಂದು ಕೋಣೆಯ ಗೋಡೆಗಳನ್ನೇ ಚಿತ್ರವಾಗಿಸುತ್ತ 31 ಕೋಣೆಗಳನ್ನು ಮುಗಿಸಿದರು. ಇಂಥ ಕೋಣೆಯಲ್ಲಿ ಮಲಗುವವನು ಕಲೆಯನ್ನು ಅನುಭವಿಸುವನೋ, ಬಾಡಿಗೆಗೆ ಪಡೆಯುವನೋ ಎಂದು ಕೇಳುವವರು ಅಲ್ಲಿಯೂ ಉಂಟು.

ಯಾನಗಿಯ (1889-1961) ಮತವು ಈ ವಿಚಾರಕ್ಕೆ ಒಳ್ಳೆಯ ಒರೆಗಲ್ಲಾಗಿದೆ. ಆತನೂ ಹಮದಾ ಶೋಜಿ, ಕವಾಯಿ ಕಂಜಿರೋ ಎಂಬ ಕುಂಬಾರ ಮಿತ್ರರೂ 1925ರಲ್ಲಿ 'ಮಿಂಗೇ' ಎಂಬ ಹೊಸ ಮಾತನ್ನು ಕಟ್ಟಿದರು. ಜನರ ಕುಶಲಕಲೆ ಎಂದು ಅದರ ಅರ್ಥ. ಚೆಲುವು ಬಳಕೆಯಿಂದ ಹುಟ್ಟುವುದು. ಹೆಸರಿಲ್ಲದ ಕೈಗಳು ಜನಸಾಮಾನ್ಯರಿಗಾಗಿ, ಅಗ್ಗವಾಗಿ, ಹೇರಳವಾಗಿ ಮಾಡಿದ ವಸ್ತುವಿನಲ್ಲಿಯೇ ಅದು ನೆಲೆಸುವುದು ಎಂಬುದು ಅವರ ಸಿದ್ಧಾಂತ. ಈ ಒರೆಗಲ್ಲಿಗೆ ಉಜ್ಜಿದರೆ ಮೇಲಿನ ವಸತಿಗೃಹಗಳು ನಿಲ್ಲಲಾರವು. ಅಲ್ಲಿ ಯಾವುದೂ ಅಗ್ಗವಲ್ಲ. ಜನಸಾಮಾನ್ಯನು ಅಲ್ಲಿ ಇಳಿಯುವುದೂ ಅಪರೂಪ. ಆದರೆ ಯಾನಗಿಯು ತಾನೇ ಮಾಡಿದುದೇನು? 1936ರಲ್ಲಿ ಟೋಕಿಯೋದಲ್ಲಿ ವಸ್ತುಸಂಗ್ರಹಾಲಯವೊಂದನ್ನು ತೆರೆದು, ಅಡಿಗೆಮನೆಯ ಬಟ್ಟಲುಗಳನ್ನೂ ಹೂಜಿಗಳನ್ನೂ ಗಾಜಿನ ಹಿಂದೆ ಕೂರಿಸಿದನು. ನಾಶವಾಗುತ್ತಿದ್ದುದನ್ನು ಉಳಿಸಲು ಬೇರೆ ದಾರಿಯಿರಲಿಲ್ಲವೆಂಬುದು ನಿಜ. ಆದರೂ ಬಳಕೆಯ ಮಹಿಮೆಯನ್ನು ಸಾರಿದ ಸಿದ್ಧಾಂತವು ಬಳಕೆಯನ್ನು ನಿಲ್ಲಿಸಿದ ಮನೆಯಲ್ಲಿ ವಾಸಮಾಡಬೇಕಾಯಿತು. ಇದರ ಪಕ್ಕದಲ್ಲಿಟ್ಟು ನೋಡಿದರೆ, ಅತಿಥಿಯ ಕೈಗೆ ಬಟ್ಟಲನ್ನು ಕೊಟ್ಟು, ಒಡೆದರೆ ಒಡೆಯಲೆಂದು ಸುಮ್ಮನಿರುವ ವಸತಿಗೃಹವು ಒಂದು ವಿಷಯದಲ್ಲಿ ಹೆಚ್ಚು ಧರ್ಮಿಷ್ಠವೆನ್ನಬೇಕು. ಒಡೆಯುವ ಭಯಕ್ಕೆ ಪಿಂಗಾಣಿಯನ್ನು ಅಟ್ಟಕ್ಕೇರಿಸಿ, ದಿನವೂ ತಗಡಿನ ಲೋಟದಲ್ಲಿ ಕುಡಿಯುವ ಮನೆಗಳು ಎಲ್ಲ ದೇಶಗಳಲ್ಲಿಯೂ ಇವೆಯಷ್ಟೆ.

ಕೆಲವು ವಸ್ತುಗಳಿಗಂತೂ ಬಳಕೆಯೇ ಆಯುಸ್ಸು. ಜಪಾನಿನ ಉರುಷಿ ಪಾತ್ರೆಗಳನ್ನು ನೋಡಬಹುದು. ಚನ್ನಪಟ್ಟಣದ ಬೊಂಬೆಗಳಿಗೆ ಹತ್ತಿಸುವ ಅರಗು ಕೀಟದಿಂದ ದೊರೆಯುವುದು. ಉರುಷಿಯಾದರೋ ಮರದ ತೊಗಟೆಯನ್ನು ಗೀರಿ ತೆಗೆದ ರಸ. ಅದು ಗಟ್ಟಿಯಾಗುವುದಕ್ಕೆ ಬಿಸಿಲು ಬೇಡ, ತೇವದ ಗಾಳಿ ಬೇಕು. ನೋತೋ ಪರ್ಯಾಯದ್ವೀಪದ ವಾಜಿಮಾ ಊರಿನಲ್ಲಿ ಒಂದು ಬಟ್ಟಲು ಸಿದ್ಧವಾಗಲು ನೂರಕ್ಕೂ ಮಿಕ್ಕ ಹಂತಗಳು ನಡೆಯಬೇಕು. ಹೀಗೆ ಸಿದ್ಧವಾದ ಪಾತ್ರೆಯನ್ನು ಬಹುಕಾಲ ಒಣಗಾಳಿಯಲ್ಲಿ ಇಟ್ಟುಬಿಟ್ಟರೆ ಬಿರುಕುಬಿಡುವುದು. ತೊಳೆದು, ಒರಸಿ, ಮತ್ತೆ ಮತ್ತೆ ಹಿಡಿದ ಪಾತ್ರೆಯು ವರ್ಷಗಳು ಕಳೆದಂತೆ ಒಳಗಿನಿಂದ ಹೊಳೆಯುವುದು. 2024ರ ಜನವರಿ 1ರ ಭೂಕಂಪವೂ ಅದರ ಬೆನ್ನಲ್ಲೇ ಎದ್ದ ಬೆಂಕಿಯೂ ವಾಜಿಮಾದ ಸಂತೆಬೀದಿಯನ್ನು ಸುಟ್ಟು, ಎಷ್ಟೋ ಕರ್ಮಶಾಲೆಗಳನ್ನು ನೆಲಸಮಮಾಡಿದುವು. ಹೀಗೆ ನೆಲೆ ತಪ್ಪಿದ ಕುಶಲಿಗೆ ಮೆಚ್ಚುಗೆಗಿಂತ ಮೊದಲು ಬೇಕಾಗುವುದು ಕೆಲಸ. ಗೃಹಸ್ಥರು ಕೊಳ್ಳದೆ ಹೋದ ತಟ್ಟೆಯನ್ನು ವಸತಿಗೃಹವು ಕೊಂಡರೆ, ಅದನ್ನು ಶ್ರೀಮಂತರ ವಿಲಾಸವೆಂದು ಹಳಿಯುವವರು ಆ ಕುಶಲಿಗೆ ಬೇರೊಬ್ಬ ಗಿರಾಕಿಯನ್ನು ತೋರಿಸಬೇಕಾಗುವುದು.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಂಭೀರವಾದುದು. ಹೋಟೆಲಿಗೆ ಸೇರಿದ ಕುಶಲಕಲೆಯು ತನ್ನ ಸ್ವರೂಪವನ್ನೇ ಕಳೆದುಕೊಳ್ಳುವುದಲ್ಲವೇ? ಕ್ಯೋಟೋದ ನಿಶಿಜಿನ್ ನೇಯ್ಗೆಯು ಇದಕ್ಕೆ ನಿದರ್ಶನ. ಓನಿನ್ ಯುದ್ಧವು (1467-1477) ಮುಗಿದ ಮೇಲೆ ಮರಳಿಬಂದ ನೇಕಾರರು ಪಶ್ಚಿಮದ ಪಾಳೆಯವಿದ್ದ ಜಾಗದಲ್ಲಿ ನೆಲೆಸಿದುದರಿಂದ ಆ ಹೆಸರು ಬಂದಿತು. ಅವರು ನೇಯುವ ಜರಿಯ ನಡುಪಟ್ಟಿಯ ಅಗಲ ಸುಮಾರು 32 ಸೆಂಟಿಮೀಟರು. ಉಡುವವರು ಕಡಿಮೆಯಾದಾಗ, 1688ರಲ್ಲಿ ಸ್ಥಾಪಿತವಾದ ಹೊಸೋ ಎಂಬ ನೇಯ್ಗೆಯ ಮನೆತನವು 2010ರ ಸುಮಾರಿಗೆ 150 ಸೆಂಟಿಮೀಟರು ಅಗಲದ ಮಗ್ಗವನ್ನು ಕಟ್ಟಿಸಿತು. ಮೈಯನ್ನು ಸುತ್ತುತ್ತಿದ್ದ ಬಟ್ಟೆಯು ಗೋಡೆಯನ್ನೂ ಪೀಠವನ್ನೂ ಹೊದೆಯತೊಡಗಿತು. ಸಂಪ್ರದಾಯವಾದಿಗೆ ಇದು ಪತನವಾಗಿ ಕಾಣುವುದು ಸಹಜ. ಆದರೆ 1872ರಲ್ಲಿ ಇದೇ ಊರಿನವರು ಫ್ರಾನ್ಸಿನ ಲಿಯೋನ್ ನಗರಕ್ಕೆ ಜನರನ್ನು ಕಳುಹಿಸಿ ಜಕಾರ್ಡ್ ಯಂತ್ರವನ್ನು ತರಿಸಿಕೊಂಡರೆಂಬುದನ್ನು ಆತನು ಮರೆಯಬಾರದು. ಆತನು ಇಂದು ಕಾಪಾಡಬಯಸುವ ಸಂಪ್ರದಾಯದಲ್ಲಿ ಆ ಪರದೇಶದ ಯಂತ್ರವೂ ಸೇರಿಹೋಗಿದೆ. ಕಳವಳಪಡಬೇಕಾದ ಸಂಗತಿ ಬೇರೆಯದು. ನಡುಪಟ್ಟಿಯನ್ನು ಉಡುವವಳು ಅದರ ಹಾಸುಹೊಕ್ಕುಗಳನ್ನು ಬಲ್ಲಳು. ತಾಯಿಯಿಂದ ಮಗಳಿಗೆ ಅದು ಬರುವುದು. ಗೋಡೆಗೆ ಹೊದಿಸಿದ ಬಟ್ಟೆಯನ್ನು ಒಂದು ರಾತ್ರಿ ನೋಡಿ ಹೋಗುವವನಿಗೆ ನೇಕಾರನು ಇದ್ದನೆಂಬುದೂ ಹೊಳೆಯದಿರಬಹುದು.

ದೋಷವು ಪ್ರವೇಶಿಸುವುದು ಇಲ್ಲಿಯೇ. ಬೆಲೆ ಹೆಚ್ಚೆಂಬುದಾಗಲಿ, ಹಳೆಯದರ ಪಕ್ಕದಲ್ಲಿ ಹೊಸದನ್ನು ನಿಲ್ಲಿಸಿದರೆಂಬುದಾಗಲಿ ದೋಷವಲ್ಲ. ವಸ್ತುವನ್ನು ಇರಿಸಿಕೊಂಡು ಕೈಯನ್ನು ಮರೆಯುವುದು ದೋಷ. ಹೆಸರಿಲ್ಲದ ಕುಶಲಿಯನ್ನು ಕೊಂಡಾಡಿದವರ ಹೆಸರುಗಳೆಲ್ಲ ಇಂದು ಲೋಕಕ್ಕೆ ಗೊತ್ತು. ಹಮದಾ, ಕವಾಯಿ ಇಬ್ಬರೂ ತಮ್ಮ ಪಾತ್ರೆಗಳ ಮೇಲೆ ಹೆಸರನ್ನು ಬರೆಯುವುದನ್ನು ಬಿಟ್ಟರು; ಅದು ಅವರ ವಿನಯ. ಕವಾಯಿಯಂತೂ ಸರಕಾರವು ಕೊಡಬಂದ 'ಜೀವಂತ ರಾಷ್ಟ್ರನಿಧಿ' ಎಂಬ ಬಿರುದನ್ನೇ ಒಲ್ಲೆನೆಂದನು. ಆದರೆ ಹೆಸರುಳ್ಳವನು ಹೆಸರನ್ನು ಬಿಟ್ಟುಕೊಡುವುದು ಬೇರೆ, ಹೆಸರೇ ಇಲ್ಲದವನಿಂದ ಅದೇ ತ್ಯಾಗವನ್ನು ಕೇಳುವುದು ಬೇರೆ. 1974ರ ಜಪಾನಿನ ಶಾಸನವು ಒಂದು ಕಸಬನ್ನು ಸಾಂಪ್ರದಾಯಿಕವೆಂದು ಒಪ್ಪಬೇಕಾದರೆ, ಅದರಿಂದಾಗುವ ವಸ್ತುವು ಮುಖ್ಯವಾಗಿ ದಿನಬಳಕೆಗೆ ಒದಗಬೇಕು, ಮುಖ್ಯಭಾಗವು ಕೈಯಿಂದಲೇ ಆಗಬೇಕು ಎಂದು ವಿಧಿಸಿತು. ಬಳಕೆಯನ್ನೂ ಕೈಯನ್ನೂ ಒಟ್ಟಿಗೆ ಹೆಸರಿಸಿದ ಆ ಶಾಸನವು ಎಷ್ಟೋ ರಸಿಕರಿಗಿಂತ ವಿಷಯವನ್ನು ಚೆನ್ನಾಗಿ ಅರಿತಿತ್ತು.

ತೊಯಾಮಾ ಪ್ರಾಂತದ ಇನಾಮಿ ಎಂಬ ಊರಿನಲ್ಲಿ ಈ ಋಣವನ್ನು ತೀರಿಸುವ ಪ್ರಯತ್ನವೊಂದು ನಡೆದಿದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ಝುಯಿಸೆಂಜಿ ದೇವಾಲಯವು ಸುಟ್ಟುಹೋದಾಗ, ಅದನ್ನು ಮತ್ತೆ ಕಟ್ಟಲು ಕ್ಯೋಟೋದಿಂದ ಬಂದ ಕೆತ್ತನೆಗಾರನಿಂದ ಊರಿನ ಬಡಗಿಗಳು ವಿದ್ಯೆಯನ್ನು ಕಲಿತರು. ಮುಂದೆ ಜಾರುಬಾಗಿಲುಗಳ ಮೇಲೆ ಕೂರಿಸುವ ರಾಮ್ಮಾ ಎಂಬ ಕೆತ್ತನೆಯ ಹಲಗೆಗಳು ಅವರ ಜೀವನೋಪಾಯವಾದುವು. ಹೊಸ ಮಾದರಿಯ ಮನೆಗಳಲ್ಲಿ ಜಾರುಬಾಗಿಲೂ ಇಲ್ಲ, ರಾಮ್ಮಾ ಕೂರಿಸುವ ಎಡೆಯೂ ಇಲ್ಲ. 2016ರಿಂದ ಆ ಊರಿನ ಬರಿದಾದ ಮನೆಗಳನ್ನು ಒಂದೊಂದಾಗಿ ಬಿಡಾರಗಳಾಗಿ ಮಾರ್ಪಡಿಸಿ, ಒಂದೊಂದು ಮನೆಯನ್ನು ಒಬ್ಬೊಬ್ಬ ಕುಶಲಿಗೆ ಒಪ್ಪಿಸಿದ್ದಾರೆ. ಆತನ ಕೃತಿಗಳು ಅಲ್ಲಿಯೇ ಇರುವುವು; ಆತನ ಹೆಸರು ಹೇಳಲ್ಪಡುವುದು; ತಂಗುವವರು ತೆರುವ ಹಣದಲ್ಲಿ ಒಂದು ಪಾಲು ಆತನಿಗೆ ಸಲ್ಲುವುದು. ಕ್ಯೋಟೋದಲ್ಲಿ 2019ರಲ್ಲಿ ತೆರೆದ ಬಿಎನ್‌ಎ ಆಲ್ಟರ್ ಮ್ಯೂಸಿಯಂ ಎಂಬ ಹೋಟೆಲು ಚಿತ್ರಗಾರರಿಗೆ ಇಂಥದೇ ಪಾಲನ್ನು ಕೊಡುತ್ತಿದೆ. ಇನಾಮಿಯದು ಅಲ್ಲಿಗೇ ನಿಲ್ಲುವುದಿಲ್ಲ. ಬಯಸಿದ ಅತಿಥಿಯು ಕೆಲವು ಗಂಟೆಗಳ ಮಟ್ಟಿಗೆ ಕುಶಲಿಯ ಶಿಷ್ಯನಾಗಬಹುದು. ಇನಾಮಿಯ ಕೆತ್ತನೆಗಾರನ ಬಳಿ ಇನ್ನೂರಕ್ಕೂ ಹೆಚ್ಚು ಬಗೆಯ ಉಳಿಗಳಿರುವುವು. ಅತಿಥಿಯ ಕೈಗೆ ಬರುವುದು ಅವುಗಳಲ್ಲಿ ಒಂದೋ ಎರಡೋ. ಅಷ್ಟರಿಂದಲೇ ಮರದ ಎಳೆಯು ಯಾವ ಕಡೆಗೆ ಒಪ್ಪುವುದು, ಯಾವ ಕಡೆಗೆ ಮುನಿಯುವುದು ಎಂಬುದು ಗೊತ್ತಾಗುವುದು. ಗೋಡೆಯ ಮೇಲಣ ಕೆತ್ತನೆಯನ್ನು ಬೆಳಗ್ಗೆ ನೋಡಿದ ಕಣ್ಣೇ ಸಂಜೆ ಅದನ್ನು ನೋಡುವಾಗ ತುಸು ತಗ್ಗುವುದು.

ಇದರಿಂದ ಇನಾಮಿಯ ಕಷ್ಟವು ತೀರಿತೆನ್ನುವಂತಿಲ್ಲ. ಅತಿಥಿಗಳ ಋತುವನ್ನು ನಂಬಿ ಬಾಳುವ ಕಸಬು ಆ ಋತುವಿನಂತೆಯೇ ಅಸ್ಥಿರ. ಕಲಿಸುವುದರಲ್ಲಿ ಕಳೆದ ಹೊತ್ತು ಕೆತ್ತುವುದಕ್ಕೆ ಸಿಕ್ಕದ ಹೊತ್ತು. ಆದರೂ 1996ರಲ್ಲಿ ಜಪಾನಿನ ಸರಕಾರವು ಉಳಿಸಿಕೊಳ್ಳಬೇಕಾದ ನೂರು ಧ್ವನಿಗಳನ್ನು ಆರಿಸಿದಾಗ, ಹಕ್ಕಿ ಹೊಳೆ ಗಂಟೆಗಳ ದನಿಯ ಜೊತೆಗೆ ಇನಾಮಿಯ ಉಳಿಯ ಸದ್ದನ್ನೂ ಸೇರಿಸಿತು. ಆ ಬೀದಿಯಲ್ಲಿ ತಂಗಿದವನು ಇಂದಿಗೂ ಅದನ್ನು ಕೇಳಿ ಏಳಬಹುದು.