ಪ್ರಾಪ್ತವಯಸ್ಸೆಂದರೇನು?

ದೇಹವು ಪಕ್ವವಾದೊಡನೆ ಪ್ರೌಢತ್ವವು ಬಂದಿತೆನ್ನಬಹುದೆ? ಈ ವಿಚಾರಕ್ಕೆ ಮನುಷ್ಯನ ಸಮೀಪಬಂಧುವಾದ ಗೊರಿಲ್ಲಾ ವಾನರದ ಜೀವನಕ್ರಮವು ಒಂದು ದೃಷ್ಟಾಂತವಾಗಿದೆ.

ಹೆಣ್ಣು ಗೊರಿಲ್ಲಾ 7-8 ವರ್ಷಕ್ಕೆ ಋತುವಾಗುವುದು. ಆದರೆ ಮೊದಲ ಮರಿಯನ್ನು ಹೆರುವುದು ಸಾಮಾನ್ಯವಾಗಿ 10ರ ಸುಮಾರಿಗೆ. ಗಂಡಿಗೆ 8ನೆಯ ವರ್ಷದ ಸುಮಾರಿಗೆ ತಾರುಣ್ಯವು ತೋರಿದರೂ ಬೆನ್ನಿನ ಮೇಲೆ ಬೆಳ್ಳಿಗೂದಲು ಮೂಡಲು 12-13 ವರ್ಷ ಬೇಕು. ಪೂರ್ಣಬಲವು 15ರ ಸುಮಾರಿಗೆ. ಅಲ್ಲಿಯವರೆಗೆ ಯೂಥದ ಒಡೆತನವು ಅದಕ್ಕೆ ದೊರೆಯುವುದು ವಿರಳ. 2021ರಲ್ಲಿ ಜರ್ಮನಿಯಿಂದ ಮೈಸೂರಿನ ಮೃಗಾಲಯಕ್ಕೆ ಬಂದ ಎರಡು ಗಂಡುಗಳಲ್ಲಿ ಥಾಬೋಗೆ 14 ವರ್ಷ, ದೆಂಬಾಗೆ 8. ಒಂದು ಯೌವನದ ಕೊನೆಯಲ್ಲಿ, ಇನ್ನೊಂದು ಅದರ ಹೊಸ್ತಿಲಲ್ಲಿ! ಅಲ್ಲಿಯೇ ಬಹುಕಾಲ ಒಂಟಿಯಾಗಿ ಬಾಳಿ 2014ರಲ್ಲಿ ಮಡಿದ ಪೋಲೋಗೆ ಬೆಳ್ಳಿಬೆನ್ನಿತ್ತು, ಕಾಯಬೇಕಾದ ಕುಟುಂಬವಿರಲಿಲ್ಲ. ಆದುದರಿಂದ ಮೈಯ ಗುರುತು ಬೇರೆ, ಹೊರತಕ್ಕ ಭಾರವು ಬೇರೆ.

ಮೃಗಗಳ ನಡೆಯೇ ನಮಗೆ ಶಾಸ್ತ್ರವಾಗತಕ್ಕದ್ದಲ್ಲ, ನಿಜ. ಆದರೆ 'ಮೈನೆರೆದೊಡನೆ ಮದುವೆ ಮಾಡುವುದು ಪ್ರಕೃತಿಧರ್ಮ'ವೆಂಬುವರಿಗೆ ಪ್ರಕೃತಿಯೇ ಸಾಕ್ಷಿ ಹೇಳುವುದಿಲ್ಲ. ಮೃಗದಲ್ಲಿಯೂ ಶಕ್ತಿಗೂ ಹೊಣೆಗೂ ನಡುವೆ ಅಂತರವಿದೆ. ವಿದ್ಯೆ, ವಿವೇಕ, ಸ್ವಂತ ಒಪ್ಪಿಗೆಗಳು ಬೇಕಾದ ಮನುಷ್ಯನಿಗೆ ಆ ಅಂತರವು ಇನ್ನೂ ಹೆಚ್ಚು ಬೇಡವೆ? ನಮ್ಮ ಸ್ಮೃತಿಕಾರರು ಸಹ ವ್ಯವಹಾರಕ್ಕೆ 16 ವರ್ಷವನ್ನು ಎಣಿಸಿದರು. 1929ರ ಶಾರದಾ ಕಾಯಿದೆಯು ಕನ್ಯೆಗೆ 14, ವರನಿಗೆ 18 ಎಂದು ವಿಧಿಸಿತು. ಇಂದಿನ ಕಾಯಿದೆಯು ಕನ್ಯೆಗೆ 18, ವರನಿಗೆ 21 ಎನ್ನುತ್ತದೆ.

ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಹಳ್ಳಿಗಳಲ್ಲಿ ಬೆಳೆದ ಮಗಳೆಂದರೆ ಸೆರಗಿನ ಕೆಂಡವೆಂಬ ಅಳುಕು ಹೋಗಿಲ್ಲ. ಮಳೆ ತಪ್ಪಿದ ವರ್ಷ ದುಡಿಮೆಗಾಗಿ ಮಹಾರಾಷ್ಟ್ರಕ್ಕೋ ಗೋವೆಗೋ ಹೊರಡುವ ತಾಯಿತಂದೆಗಳು ಆಕೆಯನ್ನು ಯಾರ ಬಳಿ ಬಿಡಬೇಕು? ಅವರ ಅವಸರಕ್ಕೆ ಕ್ರೌರ್ಯವು ಕಾರಣವಲ್ಲ, ಭಯವೇ ಕಾರಣ. ಆದರೆ ಆ ಭಯದ ಬೆಲೆಯನ್ನು ತೆರುವವಳು ಶಾಲೆ ಬಿಟ್ಟ ಹುಡುಗಿ. ಬೆಳೆಯುವ ಮೈಯಲ್ಲಿಯೇ ಬಸಿರನ್ನು ಹೊರುವವಳು ಆಕೆ.

ಸೀತನಿಯ ಕಾಳು ತಿನ್ನಲು ಸವಿ. ಆದರೆ ಅದನ್ನು ಬೀಜಕ್ಕೆಂದು ಎತ್ತಿಡುವ ಒಕ್ಕಲಿಗನಿಲ್ಲ. ಹೊಲದಲ್ಲಿ ತೋರುವ ತಾಳ್ಮೆಯು ಮನೆಯಲ್ಲೇಕೆ ಇಲ್ಲ? ಬೆಳ್ಳಿಬೆನ್ನಿನ ವಾನರವು ಅಪಾಯಕ್ಕೂ ಮರಿಗಳಿಗೂ ನಡುವೆ ತಾನು ನಿಲ್ಲುತ್ತದೆ. ತಮ್ಮ ಭಯದ ಭಾರವನ್ನು ಮಗುವಿನ ಹೆಗಲಿಗೆ ದಾಟಿಸುವ ಹಿರಿಯರು, ಅದನ್ನು ಕಂಡೂ ಸುಮ್ಮನಿರುವ ಊರವರು, ತಾವು ಪ್ರಾಪ್ತವಯಸ್ಕರಾದೆವೆ ಎಂದು ತಮ್ಮನ್ನೇ ಕೇಳಿಕೊಳ್ಳತಕ್ಕದ್ದು.