ದಿನದ ಲೆಕ್ಕ ದಿನಕ್ಕೆ ಮುಗಿಯಲಿ



ಬೆಳಗಾವಿಯ ಕಾಯಿಪಲ್ಲೆ ಚೋರ್ಲಾ ಘಾಟ ಇಳಿದು ಗೋವೆಯ ಮಾಪುಸಾ, ಪಣಜಿ, ಮಡಗಾಂವ ಪೇಟೆಗಳನ್ನು ಮುಟ್ಟುತ್ತದೆ. ನಮ್ಮ ಅನೇಕ ಭಕ್ತರ ಬಾಳುವೆ ಆ ದಾರಿಯನ್ನೇ ನಂಬಿದೆ. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗ ಗಡಿಯಲ್ಲಿ ಲಾರಿಗಳು ನಿಂತವು. ರೈತನ ಕ್ಯಾಬೇಜ್ ಹೊಲದಲ್ಲಿಯೇ ಕೊಳೆಯಿತು. ವ್ಯಾಪಾರಿಯ ಬಾಕಿ ಪೇಟೆಯಲ್ಲಿಯೇ ಉಳಿಯಿತು.

ಲಾಕ್‌ಡೌನ್ ಮುಗಿಯಿತು, ಸಿಟ್ಟು ಮುಗಿಯಲಿಲ್ಲ. ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುತ್ತಿದ್ದ ರೈತ, ದಲಾಲರು ಇಂದು ಮುಖ ತಿರುಗಿಸಿಕೊಂಡು ಹೋಗುವುದನ್ನು ನಾವು ಕಂಡಿದ್ದೇವೆ.

ನಾವೂ ಬೇರೆಯವರಲ್ಲ. ಮಠದ ಲೆಕ್ಕಪತ್ರ ನೋಡುವ ನಮಗೆ ಆ ವರ್ಷ ದಾಸೋಹದ ಖರ್ಚೇ ಚಿಂತೆಯಾಗಿತ್ತು. ಅಂಗೈಯಲ್ಲಿ ಇಷ್ಟಲಿಂಗ, ಮನಸ್ಸಿನಲ್ಲಿ ಬಾಕಿಯ ಪಟ್ಟಿ! ಒಂದು ರಾತ್ರಿ ಕುಳಿತು ಮೂರು ಭಾಗ ಬರೆದೆವು: ಕೊಡಬೇಕಾದದ್ದು, ಬರಬೇಕಾದದ್ದು, ಇನ್ನು ಬಾರದೆಂದು ಖಾತ್ರಿಯಾದದ್ದು. ಮೂರನೆಯದಕ್ಕೆ ಗೆರೆ ಎಳೆದು ವಹಿ ಮುಚ್ಚಿದೆವು. ಬಹಳ ದಿನಗಳ ಮೇಲೆ ಅಂದು ಪೂಜೆಯಲ್ಲಿ ಮನಸ್ಸು ನಿಂತಿತು.

ಬಿಡುವುದೆಂದರೆ ಹೊಣೆ ಬಿಡುವುದಲ್ಲ. ಕೊಡಬೇಕಾದದ್ದನ್ನು ಕೊಡಲೇಬೇಕು; ಅದು ಕಾಯಕದ ಶುದ್ಧಿ. ಬರಬೇಕಾದದ್ದನ್ನು ಹಗಲು ಹೊತ್ತಿನಲ್ಲಿ ಮರ್ಯಾದೆಯಿಂದ ಕೇಳೋಣ. ಬಾರದ್ದಕ್ಕಾಗಿ ನಿದ್ದೆಯನ್ನೂ ಸ್ನೇಹವನ್ನೂ ಕಳೆದುಕೊಂಡರೆ ಅದು ನಷ್ಟದ ಮೇಲೆ ನಾವೇ ಕಟ್ಟುವ ಬಡ್ಡಿ.

ಇಂದು ಸಂಜೆ ಕೈಕಾಲು ತೊಳೆದು, ವಿಭೂತಿ ಧರಿಸಿ, ಲಿಂಗವನ್ನು ಎಡಗೈಯಲ್ಲಿ ಇರಿಸಿಕೊಳ್ಳುವ ಮುನ್ನ ವಹಿಯನ್ನು ಮುಚ್ಚೋಣ. ನಾಳೆ ಪೇಟೆಯಲ್ಲಿ ಮುಖ ತಿರುಗಿಸಿದವರು ಎದುರಾದರೆ, ಮೊದಲು ನಾವೇ ಶರಣು ಎನ್ನೋಣ.